ಯಂತ್ರದ ರಸಾಭಾಸ: ಬೆಂಗಳೂರಿನ ಎರಡು ರೋಬೋಟ್‌ಗಳು

ಜೀವನ್ ಬಿಮಾ ನಗರದ ನೆರೆಯ ಇಂದಿರಾನಗರದಲ್ಲಿ 2019ರಲ್ಲಿ ರೋಬೋಟ್‌ಗಳೇ ತಟ್ಟೆ ತಂದಿಡುವ ಹೋಟೆಲೊಂದು ತೆರೆಯಿತು. ಕರೆಲ್ ಚಾಪೆಕ್ 1920ರ ನಾಟಕದಲ್ಲಿ ಚಲಾವಣೆಗೆ ತಂದ ‘ರೋಬೋಟ್’ ಪದದ ಬೇರು ಜೆಕ್ ಭಾಷೆಯ ‘ರೋಬೋಟ’. ನಮ್ಮ ಮಾತಿನಲ್ಲಿ ಬಿಟ್ಟಿ ಚಾಕರಿ. ಆ ಹೋಟೆಲಿನ ಯಂತ್ರಮಾಣಿಗಳು ಈ ಅರ್ಥಕ್ಕೆ ನಿಷ್ಠರಾಗಿದ್ದರು. ಬಿಟ್ಟಿ ಚಾಕರಿಯ ಆಳಿಗೆ ಮನಸ್ಸು ಮೂಡಿದರೆ ನಮಗೆ ನಗು ಬರುವುದೇಕೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಒದಗುವ ಒಳ್ಳೆಯ ಕಾದಂಬರಿ ಬೆಂಗಳೂರಿನದೇ, ಆದರೆ ತಮಿಳಿನದು. ‘ಸುಜಾತ’ ಎಂಬ ಹೆಸರಿನಲ್ಲಿ ಬರೆದ ಎಸ್. ರಂಗರಾಜನ್ (1935–2008) ಇಲ್ಲಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ (ಬಿಇಎಲ್) ಎಂಜಿನಿಯರ್ ಆಗಿದ್ದರು. ವಿದ್ಯುನ್ಮಾನ ಮತಯಂತ್ರ ರೂಪುಗೊಂಡದ್ದರಲ್ಲಿ ಅವರ ಪಾತ್ರ ದೊಡ್ಡದು. 1980ರ ದಶಕದಲ್ಲಿ ತಮಿಳು ವಾರಪತ್ರಿಕೆ ‘ಆನಂದ ವಿಕಟನ್’ನಲ್ಲಿ ಧಾರಾವಾಹಿಯಾಗಿ ಬಂದ ಅವರ ‘ಎನ್ ಇನಿಯ ಇಯಂದಿರಾ’ದಲ್ಲಿ ಜೀನೋ ಎಂಬ ಯಂತ್ರನಾಯಿ ಇದೆ. ಮಗು ಹೆರಲೂ ಸರ್ಕಾರದ ಅಪ್ಪಣೆ ಬೇಕಾದ ಆ ಲೋಕದಲ್ಲಿ ಮನುಷ್ಯರು ಯಂತ್ರಗಳಂತೆ ವಿಧೇಯರು. ಯೋಚಿಸುವುದು, ಕುಚೋದ್ಯ ಮಾಡುವುದು ನಾಯಿ. ಯಾರ ಪಕ್ಷವನ್ನೂ ವಹಿಸಬಾರದ ಮತಯಂತ್ರಕ್ಕಾಗಿ ದುಡಿದವರೇ, ಕಥೆಯಲ್ಲಿ ಪಕ್ಷ ವಹಿಸುವ ಯಂತ್ರವನ್ನು ಹುಟ್ಟಿಸಿದರು!

ಬದುಕಿನ ಮೇಲೆ ಯಾಂತ್ರಿಕತೆ ಹೇರಿದಂತಾದಾಗ ನಗು ಹುಟ್ಟುತ್ತದೆ ಎಂದು ಫ್ರೆಂಚ್ ದಾರ್ಶನಿಕ ಬರ್ಗ್‌ಸನ್ 1900ರಲ್ಲಿ ವಾದಿಸಿದ. ಜೀನೋ ವಿಷಯದಲ್ಲಿ ಅದು ಅರ್ಧ ಸತ್ಯ. ಅಲ್ಲಿನ ಪ್ರಜೆಗಳಿಗೆ ಒಪ್ಪುತ್ತದೆ, ನಾಯಿಗೆ ಒಪ್ಪುವುದಿಲ್ಲ. ಇಲ್ಲಿ ಕಾಶ್ಮೀರದ ರಸಮೀಮಾಂಸಕ ಅಭಿನವಗುಪ್ತನೇ ಹೆಚ್ಚು ನೆರವಾಗುತ್ತಾನೆ. ಭಾವ ಸಲ್ಲದ ಆಶ್ರಯದಲ್ಲಿ ನೆಲೆಸಿದರೆ ಅದು ರಸಾಭಾಸ, ಆ ಅನೌಚಿತ್ಯವೇ ಹಾಸ್ಯದ ಬೀಜ ಎಂಬುದು ಅವನ ನಿಲುವು. ಸೀತೆಯನ್ನು ಬಯಸುವ ರಾವಣನ ಶೃಂಗಾರ ಇದಕ್ಕೆ ಹಳೆಯ ಉದಾಹರಣೆ. ಮನಸ್ಸಿರಬಾರದ ಯಂತ್ರದಲ್ಲಿ ಭಾವ ಮೂಡುವುದೂ ಅಂಥದೇ.

ಕನ್ನಡದಲ್ಲಿ ಈ ನಿಲುವಿನ ಪರೀಕ್ಷೆ ನಡೆದದ್ದು ತೆರೆಯ ಮೇಲೆ. ದಿನೇಶ್ ಬಾಬು ನಿರ್ದೇಶನದ ‘ಹಾಲಿವುಡ್’ (2002) ಚಿತ್ರದಲ್ಲಿ ಉಪೇಂದ್ರ ಅವರದು ಮೂರು ಪಾತ್ರ. ಅವುಗಳಲ್ಲೊಂದು ನಾಯಕಿಗೆ ಮನಸೋಲುವ ರೋಬೋಟ್. ಹೀಗೆಯೇ ರೋಬೋಟ್ ಪ್ರೇಮಿಸುವ, ರಜನಿಕಾಂತ್ ಅವರ ತಮಿಳು ಚಿತ್ರ ‘ಎಂದಿರನ್’ ಬಂದದ್ದು ಎಂಟು ವರ್ಷ ತಡವಾಗಿ. ಅದರ ಸಂಭಾಷಣೆಯಲ್ಲಿ ಸುಜಾತರ ಕೈಯೂ ಇತ್ತು. ‘ಹಾಲಿವುಡ್’ನ ತೊಡಕು ನನಗೆ ಕಾಣುವುದು ಮುಖದಲ್ಲಿ. ಯಂತ್ರಕ್ಕೂ ನಾಯಕನಿಗೂ ಒಂದೇ ಮುಖವಾದ್ದರಿಂದ ಅದರ ಪ್ರೇಮ ಬೇಗನೆ ಮಾಮೂಲಿ ಪೈಪೋಟಿಯಾಗುತ್ತದೆ, ಅನೌಚಿತ್ಯ ಸವೆದು ನಗು ಇಳಿಯುತ್ತದೆ. ಜೀನೋ ಕೊನೆಯವರೆಗೂ ನಾಯಿಯಾಗಿಯೇ ಉಳಿಯುವುದರಿಂದ ಅದರ ಹಾಸ್ಯ ಹೆಚ್ಚು ಬಾಳುತ್ತದೆ.

ಹಲಸೂರಿನಿಂದ ಜೀವನ್ ಬಿಮಾ ನಗರದವರೆಗೆ ಕನ್ನಡ, ತಮಿಳು ಎರಡೂ ಭಾಷೆ ಆಡುವ ಮನೆಗಳಿಗೆ ಕೊರತೆಯಿಲ್ಲ. ಕನ್ನಡ ವೈಜ್ಞಾನಿಕ ಕಥನದ ಚರಿತ್ರೆ ಬರೆಯುವವರು ಜೀನೋವನ್ನು ಹೊರಗಿನವನೆಂದು ಬಿಡದೆ, ಕನ್ನಡದ ವೈಜ್ಞಾನಿಕ ಕಥೆಗಾರ ರಾಜಶೇಖರ ಭೂಸನೂರಮಠರ ಬರಹಗಳ ಪಕ್ಕದಲ್ಲಿಟ್ಟು ಓದಬೇಕೆಂದು ಕೋರುತ್ತೇನೆ.