ದೀಪದ ಹಿಂದೆ ನಿಂತವರು

1969ರ ಆಗಸ್ಟ್ 1ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಒಂದು ಅಪರೂಪದ ಮುಷ್ಕರ ನಡೆಯಿತು. ಕಡಲ ತೀರದ ‘ಫ್ಯಾಮಿಲಿ ಡಾಗ್’ ಸಂಗೀತ ಶಾಲೆಯ ಬಾಗಿಲಲ್ಲಿ ಧರಣಿ ಹೂಡಿದವರು ಗಿರಣಿ ಕಾರ್ಮಿಕರಲ್ಲ, ಹಾಡುಗಾರರೂ ಅಲ್ಲ. ಹಾಡುಗಾರರ ಬೆನ್ನ ಹಿಂದಿನ ಪರದೆಯ ಮೇಲೆ ಪ್ರತಿ ರಾತ್ರಿ ಬಣ್ಣದ ಬೆಳಕನ್ನು ಹರಿಸುತ್ತಿದ್ದ ದೀಪ ಕಲಾವಿದರು. ಅವರು ಕಟ್ಟಿಕೊಂಡಿದ್ದ ಸಂಘದ ಬೇಡಿಕೆ ಸರಳವಾಗಿತ್ತು. ಸಂಗೀತಗಾರರಂತೆ ತಾವೂ ಕಲಾವಿದರು, ತಮಗೂ ತಕ್ಕ ಸಂಭಾವನೆ ಮತ್ತು ಮನ್ನಣೆ ಬೇಕು. ಸಂಘಟಕರ ಉತ್ತರವೂ ಅಷ್ಟೇ ಸರಳ. ಜನ ದುಡ್ಡು ಕೊಟ್ಟು ಬರುವುದು ಸಂಗೀತಕ್ಕೆ, ದೀಪಕ್ಕಲ್ಲ.

ಈ ಜಗಳದ ಬೇರು ಬಹಳ ಹಳೆಯದು. ಬೆಳಕಿನಿಂದ ಚಿತ್ರ ಮೂಡಿಸುವ ಕಲೆಗಳಲ್ಲಿ ಎರಡು ಬಗೆ. ಸಿನಿಮಾ ಮೊದಲೇ ಸಿದ್ಧವಾಗಿ ಡಬ್ಬಿಯಲ್ಲಿ ಬರುತ್ತದೆ. ಚಿತ್ರಮಂದಿರದಲ್ಲಿ ಎಷ್ಟೇ ಶಿಳ್ಳೆ ಬೀಳಲಿ, ಪರದೆಯ ಮೇಲಿನ ನಾಯಕ ತನ್ನ ಮಾತನ್ನು ಬದಲಿಸಲಾರ. ಇನ್ನೊಂದು ಬಗೆಯಲ್ಲಿ ದೀಪದ ಹಿಂದೆ ಒಬ್ಬ ಮನುಷ್ಯ ನಿಂತಿರುತ್ತಾನೆ. ಚಿತ್ರ ಆ ಗಳಿಗೆಯಲ್ಲಿ, ಆತನ ಕೈಯಲ್ಲಿ ಹುಟ್ಟುತ್ತದೆ. ನಮ್ಮ ತೊಗಲು ಗೊಂಬೆಯಾಟ ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬಿಳಿ ಪರದೆಯ ಆಚೆ ಕುಳಿತ ಗೊಂಬೆಯಾಟದವರು ಹಾಡಿನ ಓಟಕ್ಕೆ ತಕ್ಕಂತೆ ಗೊಂಬೆಯನ್ನು ಕುಣಿಸುತ್ತಾರೆ, ಜನ ನಕ್ಕರೆ ಹಾಸ್ಯವನ್ನು ಬೆಳೆಸುತ್ತಾರೆ. ಇಂದು ನೃತ್ಯ ಕ್ಲಬ್ಬುಗಳಲ್ಲಿ ಕಂಪ್ಯೂಟರಿನಿಂದ ನಡೆಯುವ ವಿಡಿಯೋ ಪ್ರದರ್ಶನ, ಊರ ನಡುವಿನ ಕಟ್ಟಡಗಳ ಮೇಲೆ ಮೂಡುವ ಬೆಳಕಿನ ಚಿತ್ರ ಇವೆಲ್ಲ ಈ ಎರಡನೆಯ ಬಗೆಗೆ ಸೇರಿದವು. ಕೈ ಕಾಣದಿರುವುದರಿಂದ ಈ ಕಲಾವಿದನಿಗೆ ಮನ್ನಣೆ ಕಡಿಮೆ. ಆದರೆ ಆ ಕೈ ಜನರ ಎದುರಿಗೇ ಇರುವುದರಿಂದ ಅಧಿಕಾರಕ್ಕೆ ಅದರ ಮೇಲೆ ಗುಮಾನಿ ಹೆಚ್ಚು.

ಯೂರೋಪಿನಲ್ಲಿ ಇದರ ಮೊದಲ ಸಾಧನ ‘ಮಾಯಾದೀಪ’. ಒಂದು ಪೆಟ್ಟಿಗೆ, ಒಳಗೊಂದು ದೀಪ, ಬಣ್ಣದ ಚಿತ್ರ ಬರೆದ ಗಾಜು, ಮುಂದೊಂದು ಮಸೂರ. ಹಾಲೆಂಡಿನ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ 1659ರಲ್ಲಿ ಇದಕ್ಕಾಗಿ ಬರೆದ ಅಸ್ಥಿಪಂಜರದ ಚಿತ್ರಗಳು ಇಂದಿಗೂ ಉಳಿದಿವೆ. ಸೋಜಿಗವೆಂದರೆ ಆತನಿಗೆ ತನ್ನ ಈ ಸಾಧನದ ಬಗ್ಗೆ ನಾಚಿಕೆ ಇತ್ತು. 1662ರಲ್ಲಿ ಆತನ ತಂದೆ ಫ್ರಾನ್ಸಿನ ಅರಮನೆಯಲ್ಲಿ ತೋರಿಸಲು ಒಂದು ಮಾಯಾದೀಪ ಬೇಕೆಂದು ಕೇಳಿದರು. ಹೈಗೆನ್ಸ್ ಅದನ್ನು ಕಳಿಸಲು ಒಪ್ಪಿದನಾದರೂ, ಅದು ಕೆಲಸ ಮಾಡದಂತೆ ಒಂದು ಮಸೂರವನ್ನು ತೆಗೆದುಬಿಡು ಎಂದು ತಮ್ಮನಿಗೆ ಗುಟ್ಟಾಗಿ ಪತ್ರ ಬರೆದ. ಗಂಭೀರ ವಿಜ್ಞಾನಿಯ ಮನೆತನ ಗಾರುಡಿಗರ ಆಟ ತೋರಿಸಿತು ಎನ್ನಿಸಿಕೊಳ್ಳುವುದು ಆತನಿಗೆ ಬೇಡವಾಗಿತ್ತು.

ಆದರೆ ಈ ಆಟವನ್ನು ಊರೆಲ್ಲ ಮಾತಾಡುವಂತೆ ಬೆಳೆಸಿದವನು ಬೆಲ್ಜಿಯಂನ ಲಿಯೆಜ್ ಊರಿನ ಎತಿಯೆನ್ ಗಾಸ್ಪಾರ್ ರೋಬೆರ್. ‘ರಾಬರ್ಟ್‌ಸನ್’ ಎಂಬ ಹೆಸರಿನಲ್ಲಿ ಆತ 1798ರಲ್ಲಿ ಪ್ಯಾರಿಸ್ಸಿನಲ್ಲಿ ‘ಫ್ಯಾಂಟಸ್ಮಗೋರಿ’ ಎಂಬ ಭೂತದರ್ಶನದ ಪ್ರದರ್ಶನ ಆರಂಭಿಸಿದ. ಮರುವರ್ಷ ಅದನ್ನು ಪಾಳುಬಿದ್ದ ಕ್ಯಾಪುಚಿನ್ ಮಠವೊಂದಕ್ಕೆ ಸಾಗಿಸಿದ. ಅವನ ಮಾಯಾದೀಪಕ್ಕೆ ಗಾಲಿಗಳಿದ್ದವು. ಅದು ಪರದೆಯ ಹಿಂದೆ ಇದ್ದುದರಿಂದ ಜನರಿಗೆ ಕಾಣುತ್ತಿರಲಿಲ್ಲ. ಅದನ್ನು ಪರದೆಯಿಂದ ದೂರ ಎಳೆದಂತೆಲ್ಲ ಚಿತ್ರ ಹಿಗ್ಗುತ್ತಿತ್ತು. ಕತ್ತಲಲ್ಲಿ ಕುಳಿತವರಿಗೆ ಭೂತ ತಮ್ಮ ಮೇಲೇ ಎರಗಿ ಬಂದಂತೆ ತೋರುತ್ತಿತ್ತು. ಗಾಜಿನ ಮೇಲೆ ಚಿತ್ರದ ಸುತ್ತ ಕಪ್ಪು ಬಳಿದಿದ್ದರಿಂದ ಆಕೃತಿ ಗಾಳಿಯಲ್ಲಿ ತೇಲುವಂತಿತ್ತು. ಹೊಗೆ, ಗುಡುಗಿನ ಸದ್ದು, ಗಾಜಿನ ಬಟ್ಟಲುಗಳಿಂದ ಹೊಮ್ಮುವ ಸಂಗೀತ ಎಲ್ಲವೂ ಜೊತೆಗಿದ್ದವು.

ಅದು ಮಹಾಕ್ರಾಂತಿ ಕಳೆದು ಕೆಲವೇ ವರ್ಷಗಳಾಗಿದ್ದ ಕಾಲ. ಶಿರಚ್ಛೇದ ಯಂತ್ರಕ್ಕೆ ಬಂಧುಗಳನ್ನು ಕಳೆದುಕೊಂಡವರು ಆ ಊರಿನಲ್ಲಿ ಬಹಳ ಮಂದಿ. ಒಂದು ಸಂಜೆ ಪ್ರೇಕ್ಷಕನೊಬ್ಬ ಎದ್ದು, ಕೊಲ್ಲಲ್ಪಟ್ಟ ದೊರೆ ಹದಿನಾರನೆಯ ಲೂಯಿಯ ಭೂತವನ್ನು ತೋರಿಸಬಲ್ಲೆಯಾ ಎಂದು ಕೇಳಿದನಂತೆ. ರಾಬರ್ಟ್‌ಸನ್ ಜಾಣತನದಿಂದ ಜಾರಿಕೊಂಡ. ಆದರೂ ಪೊಲೀಸರು ಬಂದು ಅವನ ಪೆಟ್ಟಿಗೆಗಳಿಗೆ ಮೊಹರು ಹಾಕಿದರು ಎಂಬುದು ಆತನೇ ಬರೆದಿಟ್ಟ ಕತೆ. ಅದರಲ್ಲಿ ಸ್ವಲ್ಪ ಉಪ್ಪುಖಾರ ಸೇರಿರಬಹುದು. ಆದರೆ ಒಂದು ಮಾತು ಸ್ಪಷ್ಟ. ದೀಪದ ಹಿಂದೆ ನಿಂತವನನ್ನು ಜನ ಏನು ಬೇಕಾದರೂ ಕೇಳಬಹುದು, ಆತ ಅದನ್ನು ತೋರಿಸಿಯೂಬಿಡಬಹುದು. ಅಧಿಕಾರದ ಭಯ ಇರುವುದು ಅಲ್ಲಿ.

ಭಾರತದಲ್ಲಿಯೂ ಈ ಕಲೆಗೆ ಒಬ್ಬ ಸಮರ್ಥ ಸಾಧಕನಿದ್ದ. ಮುಂಬಯಿ ಬಳಿಯ ಕಲ್ಯಾಣದ ಮಹಾದೇವ ಗೋಪಾಳ ಪಟವರ್ಧನರು 1892ರಲ್ಲಿ ‘ಶಾಂಬರಿಕ ಖರೋಲಿಕಾ’ ಎಂಬ ಮಾಯಾದೀಪದ ಆಟವನ್ನು ಸಾರ್ವಜನಿಕರ ಮುಂದಿಟ್ಟರು. ಪುರಾಣದ ಪ್ರಸಂಗಗಳನ್ನು ಗಾಜಿನ ಮೇಲೆ ಸಣ್ಣ ಕುಂಚದಲ್ಲಿ ಬರೆದು, ಒಂದಕ್ಕಿಂತ ಹೆಚ್ಚು ದೀಪಗಳನ್ನು ಬಳಸಿ ಚಿತ್ರಗಳಿಗೆ ಚಲನೆ ತರುತ್ತಿದ್ದರು. ಮಕ್ಕಳೂ ಅವರ ಜೊತೆ ದುಡಿದರು. ಕತೆ, ಹಾಡು ಎಲ್ಲವೂ ಅಲ್ಲೇ, ಆಗಲೇ ನಡೆಯುತ್ತಿದ್ದವು. ಆದರೆ 1895ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಲೂಮಿಯೆರ್ ಸಹೋದರರ ಸಿನಿಮಾ ಬಂತು. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿಗೂ ಅದು ಕಾಲಿಟ್ಟಿತು. ಕ್ರಮೇಣ ಮಾಯಾದೀಪದವರು ಮೂಲೆ ಸೇರಿದರು. ಬೆಳಕಿನ ಕಲೆ ಎಂದರೆ ಸಿನಿಮಾ ಎಂದೇ ಆಯಿತು.

ದೀಪದ ಹಿಂದಿನ ಕೈ ಮತ್ತೆ ಹೆಸರು ಮಾಡಲು ಅರ್ಧ ಶತಮಾನ ಬೇಕಾಯಿತು. 1950ರ ದಶಕದ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕಲಾ ಅಧ್ಯಾಪಕ ಸೀಮೂರ್ ಲಾಕ್ಸ್, ತರಗತಿಯಲ್ಲಿ ಪಾಠಕ್ಕೆ ಬಳಸುವ ಪ್ರೊಜೆಕ್ಟರಿನ ಮೇಲೆ ಗಾಜಿನ ತಟ್ಟೆ ಇಟ್ಟು, ಅದರಲ್ಲಿ ಬಣ್ಣಗಳನ್ನು ಕದಡಿ ಗೋಡೆಯ ಮೇಲೆ ಮೂಡಿಸಿದರು. 1957ರಿಂದ 1959ರವರೆಗೆ ಅದೇ ಊರಿನ ತಾರಾಲಯದ ಗುಮ್ಮಟದಲ್ಲಿ ಜೋರ್ಡನ್ ಬೆಲ್ಸನ್ ಮತ್ತು ಹೆನ್ರಿ ಜೇಕಬ್ಸ್ ‘ವೋರ್ಟೆಕ್ಸ್’ ಎಂಬ ಬೆಳಕು ಮತ್ತು ಧ್ವನಿಯ ಕಛೇರಿಗಳನ್ನು ನಡೆಸಿದರು. 1960ರ ದಶಕದ ನಡುವಿನ ಹೊತ್ತಿಗೆ ರಾಕ್ ಸಂಗೀತದ ಶಾಲೆಗಳಲ್ಲಿ ಈ ‘ಲೈಟ್ ಶೋ’ ಇಲ್ಲದೆ ಕಛೇರಿಯೇ ಇಲ್ಲ ಎಂಬಂತಾಯಿತು.

ಅದರ ತಂತ್ರ ಅಡುಗೆಮನೆಯಷ್ಟೇ ಸರಳ. ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ. ಗಡಿಯಾರದ ಗಾಜಿನಂತೆ ಬಾಗಿದ ಬಟ್ಟಲಿನಲ್ಲಿ ಬಣ್ಣದ ಎಣ್ಣೆ, ಬಣ್ಣದ ನೀರು ಎರಡನ್ನೂ ಸುರಿದು, ಮೇಲೆ ಇನ್ನೊಂದು ಸಣ್ಣ ಬಟ್ಟಲನ್ನಿಟ್ಟು ಮೆಲ್ಲನೆ ಒತ್ತಬೇಕು. ಎರಡರ ನಡುವೆ ಸಿಕ್ಕ ಬಣ್ಣಗಳು ಹಿಗ್ಗಿ, ಕುಗ್ಗಿ, ಒಡೆದು ಹರಿಯುತ್ತವೆ. ಕೆಳಗಿನಿಂದ ಬರುವ ಬೆಳಕು ಅದನ್ನು ಹಲವು ಅಡಿಗಳ ಪರದೆಯ ಮೇಲೆ ಹಬ್ಬಿಸುತ್ತದೆ. ಮದ್ದಳೆಯವನ ಬೆರಳಿನಂತೆ ಈ ಕಲಾವಿದನ ಬೆರಳೂ ತಾಳಕ್ಕೆ ಸರಿಯಾಗಿ ಒತ್ತಬೇಕು. ನ್ಯೂಯಾರ್ಕಿನಲ್ಲಿ 1968ರಿಂದ 1971ರವರೆಗೆ ನಡೆದ ‘ಫಿಲ್ಮೋರ್ ಈಸ್ಟ್’ ರಂಗಮಂದಿರದಲ್ಲಿ ಜೋಶುವಾ ವೈಟ್ ಅವರ ತಂಡ ಪರದೆಯ ಹಿಂದಿನಿಂದ ಇದನ್ನು ನಡೆಸುತ್ತಿತ್ತು. ಸಂಗೀತಗಾರರ ಜೊತೆಗೆ ಭಿತ್ತಿಪತ್ರದಲ್ಲಿ ಆ ತಂಡದ ಹೆಸರೂ ಅಚ್ಚಾಗುತ್ತಿತ್ತು. ಲಂಡನ್ನಿನಲ್ಲಿ 1966ರ ಡಿಸೆಂಬರಿನಲ್ಲಿ ತೆರೆದ ‘ಯುಎಫ್ಒ’ ಕ್ಲಬ್ಬಿನಲ್ಲಿ ಮಾರ್ಕ್ ಬಾಯ್ಲ್ ಮತ್ತು ಜೋನ್ ಹಿಲ್ಸ್ ಇಂಥದೇ ಪ್ರಯೋಗಗಳನ್ನು ಮಾಡಿದರು.

ಜೋಶುವಾ ತಂಡಕ್ಕೆ ಸಿಕ್ಕ ಗೌರವ ಎಲ್ಲರಿಗೂ ಸಿಗಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಮುಷ್ಕರಕ್ಕೆ ಕಾರಣ ಅದೇ. ಧರಣಿ ನಡೆದ ರಾತ್ರಿ ‘ಗ್ರೇಟ್‌ಫುಲ್ ಡೆಡ್’ ತಂಡದ ಜೆರ್ರಿ ಗಾರ್ಸಿಯಾ ಧರಣಿಯವರನ್ನು ದಾಟಿ ಒಳಗೆ ಹೋಗಲು ಒಪ್ಪಲಿಲ್ಲ. ಆದರೆ ಒಬ್ಬ ಸಂಗೀತಗಾರನ ಸಹಾನುಭೂತಿಯಿಂದ ಮುಷ್ಕರ ಗೆಲ್ಲುವುದಿಲ್ಲ. ಸಂಘಟಕರಲ್ಲಿ ಸಾಲ ಮಾಡಿಕೊಂಡವರೂ ಇದ್ದರು, ಖರ್ಚು ತಗ್ಗಿಸಲು ಅವರು ಮೊದಲು ಕೈ ಹಾಕಿದ್ದು ದೀಪಕ್ಕೇ. ಎಪ್ಪತ್ತರ ದಶಕ ಬಂದಂತೆ ಎಣ್ಣೆ ನೀರಿನ ಆಟ ಹಿಂದೆ ಸರಿಯಿತು. ಆ ಪ್ರದರ್ಶನಗಳಲ್ಲಿ ಬಹುಪಾಲಿಗೆ ಇಂದು ದಾಖಲೆಯೇ ಇಲ್ಲ. ಅಂದಿನ ಹಾಡುಗಳ ಧ್ವನಿಮುದ್ರಿಕೆಗಳು ಇಂದಿಗೂ ಮಾರಾಟವಾಗುತ್ತವೆ. ಅವುಗಳ ಹಿಂದೆ ಹರಿದ ಬೆಳಕು ಬಟ್ಟಲು ತೊಳೆದೊಡನೆ ಹೋಯಿತು.

ಅಷ್ಟರಲ್ಲಿ ಹೊಸ ಸಾಧನವೊಂದು ಬಂದಿತ್ತು. ಅದು ವಿಡಿಯೋ. ಸಿನಿಮಾ ರೀಲನ್ನು ತೊಳೆದು ಒಣಗಿಸಿ ನೋಡಬೇಕು. ವಿಡಿಯೋ ಚಿತ್ರ ವಿದ್ಯುತ್ ಸಂಕೇತವಾದ್ದರಿಂದ ಹುಟ್ಟಿದ ಕ್ಷಣದಲ್ಲೇ ಕಾಣುತ್ತದೆ, ಆ ಕ್ಷಣದಲ್ಲೇ ಅದನ್ನು ತಿರುಚಬಹುದು. ಕೊರಿಯಾ ಮೂಲದ ನಾಮ್ ಜುನ್ ಪೈಕ್, ಜಪಾನಿನ ಎಂಜಿನಿಯರ್ ಶುಯಾ ಅಬೆ ಇಬ್ಬರೂ ಸೇರಿ ಇದಕ್ಕಾಗಿ ಒಂದು ಯಂತ್ರ ಕಟ್ಟಿದರು. 1970ರ ಆಗಸ್ಟ್ 1ರಂದು ಬೋಸ್ಟನ್ನಿನ ದೂರದರ್ಶನ ಕೇಂದ್ರದಿಂದ ನಾಲ್ಕು ಗಂಟೆಗಳ ಕಾಲ ಅದರ ನೇರ ಪ್ರಸಾರವಾಯಿತು. ನ್ಯೂಯಾರ್ಕಿನಲ್ಲಿ ಸ್ಟೈನಾ ಮತ್ತು ವುಡಿ ವಸುಲ್ಕ ದಂಪತಿ 1971ರಲ್ಲಿ ಹಳೆಯ ಅಡುಗೆಮನೆಯೊಂದರಲ್ಲಿ ‘ದಿ ಕಿಚನ್’ ಎಂಬ ರಂಗಸ್ಥಳ ಆರಂಭಿಸಿದರು. ಪಿಟೀಲು ಕಲಿತಿದ್ದ ಸ್ಟೈನಾ ತಮ್ಮ ಕಮಾನಿನ ಎಳೆತಕ್ಕೆ ಪರದೆಯ ಚಿತ್ರವೇ ನಡುಗುವಂತೆ ಮಾಡಿ ತೋರಿಸಿದರು. ಶಿಕಾಗೊದ ಡ್ಯಾನ್ ಸ್ಯಾಂಡಿನ್ ತಾವು ಕಟ್ಟಿದ ವಿಡಿಯೋ ಯಂತ್ರದ ನಕ್ಷೆಯನ್ನು ಕೇಳಿದವರಿಗೆಲ್ಲ ಹಂಚಿಬಿಟ್ಟರು. ಬೇಕಾದವರು ಅದನ್ನು ನೋಡಿ ತಾವೇ ಯಂತ್ರ ಕಟ್ಟಿಕೊಂಡರು.

ಅಲ್ಲಿಂದ ನೃತ್ಯ ಕ್ಲಬ್ಬಿಗೆ ಒಂದೇ ಹೆಜ್ಜೆ. 1980ರಲ್ಲಿ ನ್ಯೂಯಾರ್ಕಿನ ‘ಹುರ್ರಾ’ ಕ್ಲಬ್ಬಿನಲ್ಲಿ ಮೆರಿಲ್ ಆಲ್ಡಿಗಿಯೆರಿ ಎಂಬಾಕೆ ಸಂಗೀತಕ್ಕೆ ತಕ್ಕಂತೆ ವಿಡಿಯೋಗಳನ್ನು ಅಲ್ಲೇ ಬೆರೆಸುತ್ತಿದ್ದರು. ಹಾಡು ಬೆರೆಸುವವರು ಡಿಜೆ ಆದರೆ ಈಕೆ ‘ವಿಜೆ’. ಮರುವರ್ಷ ಆರಂಭವಾದ ಎಂಟಿವಿ ಈ ಹೆಸರನ್ನು ಹಾಡುಗಳ ನಡುವೆ ನಗುತ್ತ ಮಾತಾಡುವ ನಿರೂಪಕರಿಗೆ ಕೊಟ್ಟಿತು. ನಮ್ಮಲ್ಲಿಯೂ ವಿಜೆ ಎಂದರೆ ಬಹುಕಾಲ ಟಿವಿಯ ಆ ಮುಖಗಳೇ. ಕತ್ತಲಲ್ಲಿ ನಿಂತು ಚಿತ್ರ ಬೆರೆಸುವವರ ಹೆಸರೂ ಹೀಗೆ ಬೇರೆಯವರ ಪಾಲಾಯಿತು. ತೊಂಬತ್ತರ ದಶಕದಲ್ಲಿ ಕಂಪ್ಯೂಟರು ಅಗ್ಗವಾದಂತೆ ಅವರ ಸಂಖ್ಯೆ ಬೆಳೆಯಿತು. ಕೋಣೆ ತುಂಬುತ್ತಿದ್ದ ಯಂತ್ರಗಳ ಕೆಲಸ ಇಂದು ಒಂದು ಲ್ಯಾಪ್‌ಟಾಪಿನಲ್ಲಿ ಮುಗಿಯುತ್ತದೆ.

ಪ್ರೊಜೆಕ್ಟರಿನ ಶಕ್ತಿ ಹೆಚ್ಚಿದಂತೆ ಬೆಳಕು ಕೋಣೆಯಿಂದ ಬೀದಿಗೂ ಬಂತು. 1952ರಲ್ಲಿ ಫ್ರಾನ್ಸಿನ ಶಾಂಬೊರ್ ಅರಮನೆಯಲ್ಲಿ ಆರಂಭವಾದ ಧ್ವನಿ ಬೆಳಕಿನ ಪ್ರದರ್ಶನ 1965ರಲ್ಲಿ ದೆಹಲಿಯ ಕೆಂಪುಕೋಟೆಗೂ ಬಂದಿತು. ಅಲ್ಲಿ ಗೋಡೆ ತನ್ನ ಒಡೆಯರಿಗೆ ಒಪ್ಪಿಗೆಯಾದ ಇತಿಹಾಸವನ್ನೇ ಹೇಳುತ್ತದೆ. ಗೋಡೆಯಿಂದ ಬೇರೆ ಮಾತನ್ನು ಆಡಿಸಿದವರು ಪೋಲೆಂಡಿನಲ್ಲಿ ಹುಟ್ಟಿದ ಕಲಾವಿದ ಕ್ಷಿಷ್ಟೋಫ್ ವೊಡಿಚ್ಕೊ. 1985ರಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದ ನೆಲ್ಸನ್ ಸ್ತಂಭದ ಮೇಲೆ ಚಿತ್ರ ಮೂಡಿಸಲು ಅವರಿಗೆ ಅನುಮತಿ ಇತ್ತು. ಅವರು ಒಂದು ಪ್ರೊಜೆಕ್ಟರನ್ನು ಪಕ್ಕಕ್ಕೆ ತಿರುಗಿಸಿ, ಅದೇ ಚೌಕದಲ್ಲಿದ್ದ ದಕ್ಷಿಣ ಆಫ್ರಿಕಾದ ರಾಯಭಾರ ಕಚೇರಿಯ ನೆತ್ತಿಯ ಮೇಲೆ ನಾಜಿ ಸ್ವಸ್ತಿಕವನ್ನು ಮೂಡಿಸಿದರು. ವರ್ಣಭೇದ ಆಳ್ವಿಕೆಯ ಕಾಲವದು. ಸುಮಾರು ಎರಡು ಗಂಟೆಗಳ ನಂತರ ಪೊಲೀಸರು ಬಂದು ನಿಲ್ಲಿಸಿದರು.

ಇಲ್ಲೊಂದು ಸೂಕ್ಷ್ಮವಿದೆ. ಗೋಡೆಗೆ ಭಿತ್ತಿಪತ್ರ ಅಂಟಿಸಿದರೆ, ಬಣ್ಣ ಬಳಿದರೆ ಆಸ್ತಿಗೆ ಹಾನಿ. ಬೆಳಕು ಗೋಡೆಯಲ್ಲಿ ಒಂದು ಕಲೆಯನ್ನೂ ಉಳಿಸುವುದಿಲ್ಲ. ದೀಪ ಆರಿದರೆ ಅಪರಾಧದ ಗುರುತೂ ಇಲ್ಲ. 2001ರಲ್ಲಿ ಮೆಕ್ಸಿಕೊದ ತಿಹುವಾನಾ ನಗರದಲ್ಲಿ ವೊಡಿಚ್ಕೊ ಇನ್ನೂ ಮುಂದೆ ಹೋದರು. ಗಡಿಯ ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರ ತಲೆಗೆ ಪುಟ್ಟ ಕ್ಯಾಮೆರಾ ಮತ್ತು ಮೈಕು ತೊಡಿಸಿ, ಅವರ ಮುಖವನ್ನು ನಗರದ ಸಾಂಸ್ಕೃತಿಕ ಕೇಂದ್ರದ ಭಾರಿ ಗುಮ್ಮಟದ ಮೇಲೆ ನೇರವಾಗಿ ಮೂಡಿಸಿದರು. ಆ ಹೆಂಗಸರು ಕಾರ್ಖಾನೆಯಲ್ಲಿ ಮತ್ತು ಮನೆಯಲ್ಲಿ ತಾವು ಅನುಭವಿಸಿದ ಹಿಂಸೆಯನ್ನು ನೆರೆದ ಜನರ ಮುಂದೆ ಹೇಳಿಕೊಂಡರು. ದೀಪದ ಹಿಂದೆ ಅಡಗಿರುತ್ತಿದ್ದ ಮನುಷ್ಯನ ಮುಖವೇ ಅಂದು ಚಿತ್ರವಾಯಿತು.

ದಕ್ಷಿಣ ಅಮೆರಿಕದ ಚಿಲಿ ದೇಶದ ರಾಜಧಾನಿ ಸಾಂತಿಯಾಗೊದಲ್ಲಿ 2020ರ ಮೇ ತಿಂಗಳಲ್ಲಿ ನಡೆದುದು ಈ ಕತೆಯ ಇತ್ತೀಚಿನ ಅಧ್ಯಾಯ. ಕೊರೊನಾ ನಿರ್ಬಂಧದಿಂದ ಕೂಲಿ ತಪ್ಪಿದ ಬಡ ಬಡಾವಣೆಗಳ ಜನ ಬೀದಿಗಿಳಿದಿದ್ದರು. ಆ ರಾತ್ರಿ ‘ಡಿಲೈಟ್ ಲ್ಯಾಬ್’ ಎಂಬ ಕಲಾವಿದರ ತಂಡ ನಗರದ ನಡುವಿನ ಎತ್ತರದ ಟೆಲಿಫೋನಿಕಾ ಗೋಪುರದ ಮೇಲೆ ಒಂದೇ ಒಂದು ಪದ ಮೂಡಿಸಿತು. ಅದು ‘ಹಸಿವು’. ಮರುರಾತ್ರಿ ‘ಮಾನವೀಯತೆ’ ಎಂಬ ಪದ ಮೂಡುತ್ತಿದ್ದಂತೆ ಪೊಲೀಸ್ ಬೆಂಗಾವಲಿನಲ್ಲಿ ಒಂದು ಲಾರಿ ಬಂತು. ಅದರಲ್ಲಿದ್ದ ಪ್ರಖರ ದೀಪಗಳನ್ನು ಗೋಪುರಕ್ಕೆ ತಿರುಗಿಸಿ, ಬಿಳಿ ಬೆಳಕಿನಿಂದ ಆ ಪದವನ್ನು ಅಳಿಸಲಾಯಿತು. ರಾಬರ್ಟ್‌ಸನ್ನನ ಪೆಟ್ಟಿಗೆಗೆ ಮೊಹರು ಹಾಕಿದ್ದವರಿಗೆ ಈ ಉಪಾಯ ಹೊಳೆದಿರಲಿಲ್ಲ.

ನಮ್ಮ ಊರುಗಳಲ್ಲಿಯೂ ಇಂದು ಆರ್ಕೆಸ್ಟ್ರಾ ಆಗಲಿ, ಅದ್ದೂರಿ ಮದುವೆಯಾಗಲಿ, ವೇದಿಕೆಯ ಹಿಂದೊಂದು ಬೆಳಗುವ ಪರದೆ ಇರುತ್ತದೆ. ಮೂಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕುಳಿತ ಹುಡುಗನನ್ನು ಯಾರೂ ತಿರುಗಿ ನೋಡುವುದಿಲ್ಲ, ವಂದನಾರ್ಪಣೆಯಲ್ಲಿ ಅವನ ಹೆಸರೂ ಬರುವುದಿಲ್ಲ. 1969ರಲ್ಲಿ ಧರಣಿ ಕುಳಿತವರು ಕೇಳಿದ್ದು ಅದನ್ನೇ. ದೀಪಕ್ಕೆ ಬೆಲೆಯೇ ಇಲ್ಲ ಎಂದು ಸಂಘಟಕರು ಹೇಳಿದರು. ಅದನ್ನು ಅಳಿಸಲು ಒಂದು ಲಾರಿ ದೀಪವೇ ಬೇಕಾಯಿತು ಎಂದು ಸಾಂತಿಯಾಗೊ ತೋರಿಸಿತು.