ಮುಪ್ಪಿನ ಲೆಕ್ಕ

ಮಳೆಗಾಲ ಕಾಲಿಟ್ಟಿತೆಂದರೆ ನಮ್ಮ ಮನೆಗಳಲ್ಲಿ ಹಿರಿಯರ ದಿನಚರಿ ಕೊಂಚ ಮಾರ್ಪಡುತ್ತದೆ. ಬೆಳಗಿನ ತಿರುಗಾಟ ನಿಲ್ಲುತ್ತದೆ. ಬೀರುವಿನೊಳಗಿನ ಉಣ್ಣೆಯ ಟೋಪಿ, ಮಫ್ಲರುಗಳು ಹೊರಬರುತ್ತವೆ. ಅಡಿಗೆಮನೆಯಲ್ಲಿ ಶುಂಠಿ, ಮೆಣಸು, ಜೀರಿಗೆಗಳ ಕಷಾಯ ಕುದಿಯುತ್ತದೆ. ಈ ನಡುವೆ ಅಜ್ಜನೋ ಅಜ್ಜಿಯೋ ಕೆಮ್ಮಿ ಮಲಗಿದರೆ ಯಾರೂ ಅಷ್ಟಾಗಿ ಬೆದರುವುದಿಲ್ಲ. ‘ಹವೆ ಬದಲಾಯಿತಲ್ಲ, ನೆಗಡಿ’ ಎನ್ನುತ್ತೇವೆ. ಆ ನೆಗಡಿ ಜ್ವರವಾಗಿ, ಜ್ವರ ನ್ಯುಮೋನಿಯಾಕ್ಕೆ ತಿರುಗಿ, ವಾರದೊಳಗೆ ಆ ಜೀವ ಹೋಯಿತೆಂದರೆ ನೋಡಲು ಬಂದವರೊಡನೆ ಆಡುವ ಮಾತೂ ಒಂದೇ: ‘ವಯಸ್ಸಾಗಿತ್ತು.’

ಈ ಒಂದು ಮಾತಿಗೂ ಫ್ಲೂ ಚುಚ್ಚುಮದ್ದಿನ ಇತಿಹಾಸಕ್ಕೂ ನಿಕಟವಾದ ಸಂಬಂಧವುಂಟು. ವಯಸ್ಸು ಎಂಬುದು ಸಾವಿಗೆ ಸಾಕಾದ ಕಾರಣವೆಂದು ಜನ ನಂಬಿರುವವರೆಗೆ ಮುದುಕರಿಗಾಗಿ ಮದ್ದು ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ. ಆ ಮಾತಿನ ಹಿಂದೆ ಅಡಗಿದ್ದ ಸಾವುಗಳನ್ನು ಕೆಲವರು ಎಣಿಸತೊಡಗಿದ ಮೇಲೆಯೇ ಮದ್ದು ಮುಪ್ಪಿನ ಕಡೆಗೆ ತಿರುಗಿತು. ಆ ಕಥೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಬೇಕೆಂದಿದೆ.

ಇನ್‌ಫ್ಲುಯೆಂಜಾ ಎಂಬ ಹೆಸರು ಇಟಲಿಯವರದು. ಗ್ರಹ ನಕ್ಷತ್ರಗಳ ‘ಪ್ರಭಾವ’ದಿಂದ ಈ ಬೇನೆ ಬರುತ್ತದೆಂದು ಅಲ್ಲಿನ ಹಿಂದಿನವರು ಭಾವಿಸಿದ್ದರು. ಇಂಗ್ಲಿಷಿಗೆ ಆ ಶಬ್ದ 1743ರ ಸುಮಾರಿನಲ್ಲಿ ಬಂದು ಸೇರಿತು. ನಾವೂ ಗ್ರಹಚಾರವನ್ನು ನಂಬಿದವರೇ ಆದ್ದರಿಂದ ಅವರನ್ನು ನೋಡಿ ನಗುವಂತಿಲ್ಲ. ಗ್ರಹಚಾರವೆಂದು ಕೈಬಿಟ್ಟ ರೋಗದ ಲೆಕ್ಕವನ್ನು ಯಾರೂ ಇಡುವುದಿಲ್ಲ. ಇದು ಎಲ್ಲ ದೇಶಗಳಿಗೂ ಸಲ್ಲುವ ಮಾತು.

ಲೆಕ್ಕವಿಡಲು ಹೊರಟ ಮೊದಲಿಗರಲ್ಲಿ ವಿಲಿಯಂ ಫಾರ್ ಎಂಬಾತನ ಹೆಸರು ದೊಡ್ಡದು. ಈತ ಲಂಡನ್ನಿನಲ್ಲಿ ಜನನ ಮರಣಗಳನ್ನು ನೋಂದಾಯಿಸುವ ಕಚೇರಿಯಲ್ಲಿ ಅಂಕಿಸಂಖ್ಯೆಗಳನ್ನು ನೋಡಿಕೊಳ್ಳುತ್ತಿದ್ದ. 1847ರ ಚಳಿಗಾಲದಲ್ಲಿ ಆ ನಗರಕ್ಕೆ ಇನ್‌ಫ್ಲುಯೆಂಜಾ ಬಂದಾಗ, ಆ ರೋಗದ ಹೆಸರಿನಲ್ಲಿ ಬರೆದ ಸಾವುಗಳು ಅಷ್ಟೇನೂ ಹೆಚ್ಚಾಗಿರಲಿಲ್ಲ. ಆದರೆ ಉಬ್ಬಸ, ಶ್ವಾಸಕೋಶದ ಬೇನೆ, ವೃದ್ಧಾಪ್ಯ ಎಂದು ಬರೆದ ಸಾವುಗಳೆಲ್ಲ ಅದೇ ವಾರಗಳಲ್ಲಿ ಏಕೆ ಏರಿದವು? ಫಾರ್ ಒಂದು ಸರಳ ಉಪಾಯ ಮಾಡಿದ. ಮಾಮೂಲು ವರ್ಷಗಳಲ್ಲಿ ಆ ವಾರಗಳಲ್ಲಿ ಎಷ್ಟು ಜನ ಸಾಯುತ್ತಿದ್ದರೋ ಅದನ್ನು ಕಳೆದು, ಉಳಿದುದೆಲ್ಲ ಇನ್‌ಫ್ಲುಯೆಂಜಾದ ಖಾತೆಗೆ ಎಂದ. ಹಾಗೆ ಉಳಿದದ್ದು ಸುಮಾರು ಐದು ಸಾವಿರ. ಅದರಲ್ಲಿ ಮುದುಕರ ಪಾಲೇ ದೊಡ್ಡದು. ‘ವಯಸ್ಸಾಗಿತ್ತು’ ಎಂಬ ಮಾತು ಕಡತದ ಮೇಲೆ ಮೊದಲ ಬಾರಿಗೆ ಪ್ರಶ್ನೆಗೆ ಒಳಗಾದದ್ದು ಹೀಗೆ.

ಮುಂದೆ 1889–90ರಲ್ಲಿ ರಷ್ಯದ ಕಡೆಯಿಂದ ಹೊರಟ ಪಿಡುಗೊಂದು ರೈಲು, ಹಬೆಹಡಗುಗಳನ್ನೇರಿ ಕೆಲವೇ ತಿಂಗಳುಗಳಲ್ಲಿ ಲೋಕವನ್ನು ಸುತ್ತಿತು. ಆಗ ಅದನ್ನು ಎದುರಿಸಿ ಬದುಕುಳಿದ ಹುಡುಗ ಹುಡುಗಿಯರನ್ನು ವಾಚಕರು ನೆನಪಿನಲ್ಲಿಡಬೇಕು. ಅವರು ಈ ಕಥೆಯಲ್ಲಿ ಮುದುಕರಾಗಿ ಮತ್ತೆ ಬರುತ್ತಾರೆ.

1918ರ ಪಿಡುಗಿನ ರೀತಿಯೇ ಬೇರೆ. ಅದು ಎಳೆಯರನ್ನೂ ಮುದುಕರನ್ನೂ ಬಿಡಲಿಲ್ಲವಾದರೂ ಇಪ್ಪತ್ತರಿಂದ ನಲವತ್ತರ ಪ್ರಾಯದವರನ್ನು ವಿಶೇಷವಾಗಿ ಬಲಿ ತೆಗೆದುಕೊಂಡಿತು. ಆ ಜೂನ್‌ನಲ್ಲಿ ಮುಂಬಯಿ ಬಂದರಿನಲ್ಲಿ ಕಾಣಿಸಿ, ಮಳೆಗಾಲದ ಕೊನೆಗೆ ಉಗ್ರರೂಪ ತಾಳಿ, ರೈಲುದಾರಿಗುಂಟ ದೇಶದೊಳಕ್ಕೆ ನುಗ್ಗಿತು. ಧಾರವಾಡ, ಬಿಜಾಪುರಗಳು ಸೇರಿದ್ದ ಮುಂಬಯಿ ಪ್ರಾಂತ ಬಹಳವಾಗಿ ನೊಂದಿತು. ಮೈಸೂರು ಸಂಸ್ಥಾನವೂ ಪಾರಾಗಲಿಲ್ಲ. ಇಂಡಿಯಾದಲ್ಲಿ ಸತ್ತವರು ಒಂದು ಕೋಟಿ ಇಪ್ಪತ್ತು ಲಕ್ಷಕ್ಕೆ ಕಡಿಮೆಯಿಲ್ಲವೆಂದು ಈಚಿನ ಅನೇಕ ವಿದ್ವಾಂಸರ ಅಂದಾಜು. 1911ರಿಂದ 1921ರವರೆಗಿನ ದಶಕ ಒಂದರಲ್ಲೇ ನಮ್ಮ ಜನಗಣತಿ ಇಳಿಮುಖವಾಗಿದೆ ಎಂದರೆ ಅದರ ಹೊಡೆತ ತಿಳಿದೀತು.

ಯುವಕರು, ಅದರಲ್ಲಿಯೂ ಸೈನಿಕರು, ಹೀಗೆ ಸತ್ತದ್ದರಿಂದಲೇ ದೊಡ್ಡ ರಾಷ್ಟ್ರಗಳು ಎಚ್ಚೆತ್ತವು. 1933ರಲ್ಲಿ ಲಂಡನ್ನಿನ ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರ್ಯೂಸ್, ಪ್ಯಾಟ್ರಿಕ್ ಲೈಡ್ಲಾ ಎಂಬ ಮೂವರು ಫೆರೆಟ್ ಎಂಬ, ಮುಂಗುಸಿಯನ್ನು ಹೋಲುವ ಪ್ರಾಣಿಯ ಮೂಗಿನಲ್ಲಿ ಮನುಷ್ಯನ ಫ್ಲೂ ವೈರಸನ್ನು ಬೆಳೆಸಿ ತೋರಿಸಿದರು. ಅನಂತರ ಕೋಳಿಮೊಟ್ಟೆಯೊಳಗಿನ ಭ್ರೂಣದಲ್ಲಿ ಅದನ್ನು ಬೆಳೆಸುವ ವಿದ್ಯೆ ಸಿದ್ಧಿಸಿತು. ಹಾಗೆ ಬೆಳೆಸಿ, ಕೊಂದು, ಶುದ್ಧಮಾಡಿದ ವೈರಸ್ಸಿನಿಂದ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಫ್ರಾನ್ಸಿಸ್ ಮತ್ತು ಅವರ ಶಿಷ್ಯ ಜೋನಸ್ ಸಾಲ್ಕ್ ಚುಚ್ಚುಮದ್ದನ್ನು ತಯಾರಿಸಿದರು. ಮುಂದೆ ಪೋಲಿಯೋ ಮದ್ದಿನಿಂದ ಲೋಕವಿಖ್ಯಾತರಾದ ಸಾಲ್ಕ್ ಅವರೇ ಇವರು. 1943ರಲ್ಲಿ ಅದರ ಪರೀಕ್ಷೆ ನಡೆದದ್ದು ಸೈನ್ಯದ ತರಬೇತಿ ಪಡೆಯುತ್ತಿದ್ದ ತರುಣರ ಮೇಲೆ. 1945ರಲ್ಲಿ ಸೈನಿಕರಿಗೂ, ಮರುವರ್ಷ ನಾಗರಿಕರಿಗೂ ಅದು ಲಭ್ಯವಾಯಿತು. ಇಂದು ಪ್ರಪಂಚದ ಅನೇಕ ಕಡೆ ‘ಮುದುಕರ ಚುಚ್ಚುಮದ್ದು’ ಎನಿಸಿಕೊಂಡಿರುವ ಇದು ಹುಟ್ಟಿದ್ದು ತರುಣರಿಗಾಗಿ, ಯುದ್ಧಕ್ಕಾಗಿ!

1947ರಲ್ಲಿ ಇನ್ನೊಂದು ಪಾಠವಾಯಿತು. ಆ ವರ್ಷ ವೈರಸ್ ವೇಷ ಬದಲಿಸಿದ್ದರಿಂದ ಹಿಂದಿನ ಮದ್ದು ನಿಷ್ಫಲವಾಯಿತು. ಲೋಕದ ಎಲ್ಲೆಡೆ ವೈರಸ್ಸಿನ ಚಲನವಲನ ನೋಡುತ್ತಿರಬೇಕೆಂಬ ವಿವೇಕ ಮೂಡಿ, 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಪ್ರಯೋಗಾಲಯಗಳ ಜಾಲವೊಂದು ಏರ್ಪಟ್ಟಿತು. ಈಗಲೂ ಆ ಸಂಸ್ಥೆ ವರ್ಷಕ್ಕೆರಡು ಸಲ, ಫೆಬ್ರವರಿಯಲ್ಲೊಮ್ಮೆ ಸೆಪ್ಟೆಂಬರಿನಲ್ಲೊಮ್ಮೆ, ಮುಂದಿನ ಋತುವಿನ ಮದ್ದಿನಲ್ಲಿ ಯಾವ ಯಾವ ತಳಿಗಳಿರಬೇಕೆಂದು ಸೂಚಿಸುತ್ತದೆ. ಈ ಚುಚ್ಚುಮದ್ದನ್ನು ಪ್ರತಿವರ್ಷವೂ ಏಕೆ ಹಾಕಿಸಿಕೊಳ್ಳಬೇಕು ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಪಂಚಾಂಗ ಹಳೆಯದಾದಂತೆ ಮದ್ದೂ ಹಳೆಯದಾಗುತ್ತದೆ.

ಇನ್ನು 1957ಕ್ಕೆ ಬರೋಣ. ಆ ಏಪ್ರಿಲ್‌ನಲ್ಲಿ ಹಾಂಕಾಂಗಿನಲ್ಲಿ ಜನ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದ್ದಾರೆಂಬ ವರ್ತಮಾನವನ್ನು ವೃತ್ತಪತ್ರಿಕೆಯಲ್ಲಿ ಓದಿದ ಮಾರಿಸ್ ಹಿಲ್ಮನ್ ಎಂಬ ಅಮೆರಿಕದ ವಿಜ್ಞಾನಿ, ಇದು ಹೊಸ ಪಿಡುಗೆಂದು ಶಂಕಿಸಿ ಆ ವೈರಸನ್ನು ತರಿಸಿಕೊಂಡರು. ಅದನ್ನು ಎದುರಿಸುವ ಪ್ರತಿಕಾಯಗಳು ಯಾರ ರಕ್ತದಲ್ಲಿವೆ ಎಂದು ಹುಡುಕಿದರೆ, ಹೆಚ್ಚು ಕಡಮೆ ಯಾರಲ್ಲಿಯೂ ಇಲ್ಲ. ಎಪ್ಪತ್ತು ಎಂಬತ್ತು ದಾಟಿದ ಕೆಲವು ವೃದ್ಧರಲ್ಲಿ ಮಾತ್ರ ಕಂಡುಬಂದವು! 1889–90ರ ಪಿಡುಗನ್ನು ಬಾಲ್ಯದಲ್ಲೋ ತಾರುಣ್ಯದಲ್ಲೋ ಕಂಡು ಬದುಕಿದವರು ಅವರು. ಯಾವ ಗ್ರಂಥಭಂಡಾರದಲ್ಲಿಯೂ ಸಿಗದ ದಾಖಲೆಯೊಂದು ಆ ಮುದುಕರ ರಕ್ತದಲ್ಲಿ ಅರವತ್ತೇಳು ವರ್ಷ ಜೋಪಾನವಾಗಿತ್ತು. ಶಾಸನಗಳನ್ನೂ ಓಲೆಗರಿಗಳನ್ನೂ ಹುಡುಕಿಕೊಂಡು ಊರೂರು ಅಲೆಯುವ ನಮ್ಮಂಥವರಿಗೆ ಇದಕ್ಕಿಂತ ಸ್ವಾರಸ್ಯವಾದ ಶಾಸನ ಬೇರೆ ಕಾಣದು.

ಮೊಟ್ಟೆಗಳು ಬಹಳ ಬೇಕಾಗುತ್ತವೆ, ಹುಂಜಗಳನ್ನು ಕೊಲ್ಲಬೇಡಿರೆಂದು ಹಿಲ್ಮನ್ ಮದ್ದಿನ ಕಾರ್ಖಾನೆಗಳ ಮೂಲಕ ಕೋಳಿ ಸಾಕುವವರಿಗೆ ಹೇಳಿ ಕಳುಹಿಸಿದರಂತೆ. ಆ ವರ್ಷದ ಕೊನೆಯೊಳಗೆ ಸುಮಾರು ನಾಲ್ಕು ಕೋಟಿ ಚುಚ್ಚುಮದ್ದುಗಳು ಸಿದ್ಧವಾದವು.

ಅದೇ ಪಿಡುಗು ಮೇ ತಿಂಗಳಲ್ಲಿ ಸಿಂಗಪುರದಿಂದ ಬಂದ ಹಡಗಿನೊಡನೆ ಮದರಾಸಿನಲ್ಲಿಳಿದು ನಮ್ಮ ದೇಶವನ್ನೂ ವ್ಯಾಪಿಸಿತು. ನೀಲಗಿರಿಯ ಕೂನೂರಿನ ಪಾಸ್ತರ್ ಸಂಸ್ಥೆಯಲ್ಲಿದ್ದ ಇನ್‌ಫ್ಲುಯೆಂಜಾ ಕೇಂದ್ರ ಅದರ ಲೆಕ್ಕವಿಟ್ಟಿತು. 1958ರ ಫೆಬ್ರವರಿಯ ಹೊತ್ತಿಗೆ ದಾಖಲೆಗೆ ಬಂದ ರೋಗಿಗಳು 44 ಲಕ್ಷಕ್ಕೂ ಹೆಚ್ಚು. ದಾಖಲೆಗೆ ಬಂದ ಸಾವುಗಳು ಸುಮಾರು 1,100. ಇಷ್ಟು ಕಡಿಮೆಯೇ ಎಂದು ಸಮಾಧಾನಪಡುವ ಮುನ್ನ ಫಾರ್‌ನ ಪ್ರಶ್ನೆಯನ್ನು ಇಲ್ಲಿಯೂ ಕೇಳಬೇಕಾಗುತ್ತದೆ. ಮನೆಯ ಮೂಲೆಯಲ್ಲಿ ಕೆಮ್ಮಿ ಕೆಮ್ಮಿ ಕಣ್ಮುಚ್ಚಿದ ಅಜ್ಜಿಯ ಸಾವು ಯಾವ ಕೇಂದ್ರದ ಕಡತ ಸೇರಿದ್ದೀತು? ಅದು ‘ವಯಸ್ಸಾಗಿತ್ತು’ ಎಂಬ ಖಾತೆಗೇ ಜಮಾ ಆಗಿರಬೇಕು.

ಅಮೆರಿಕದಲ್ಲಿ ಮಾತ್ರ ಆ ಪ್ರಶ್ನೆಯನ್ನು ಕೇಳಿದವರಿದ್ದರು. 1957ರಿಂದಾಚೆಯ ಚಳಿಗಾಲಗಳಲ್ಲಿ ಮಾಮೂಲಿಗಿಂತ ಹೆಚ್ಚಾಗಿ ಸಂಭವಿಸಿದ ಸಾವುಗಳನ್ನು ಲೆಕ್ಕಹಾಕಿದಾಗ, ಹಾಗೆ ಸತ್ತವರಲ್ಲಿ ಬಹುಪಾಲು 65 ದಾಟಿದವರೂ ಹೃದಯ, ಶ್ವಾಸಕೋಶಗಳ ದೀರ್ಘರೋಗವುಳ್ಳವರೂ ಎಂದು ಗೊತ್ತಾಯಿತು. ಆ ದೇಶದ ಸರ್ಜನ್ ಜನರಲ್ ಲೆರಾಯ್ ಬರ್ನಿ 1960ರಲ್ಲಿ, 65 ದಾಟಿದವರು ವರ್ಷ ವರ್ಷವೂ ಫ್ಲೂ ಚುಚ್ಚುಮದ್ದು ಹಾಕಿಸಿಕೊಳ್ಳಬೇಕೆಂದು ಸಲಹೆಮಾಡಿದರು. ಸೈನಿಕನ ಮದ್ದು ಅಜ್ಜನ ಮದ್ದಾದದ್ದು ಅಂದು. ಬ್ರಿಟನ್ನು 65 ದಾಟಿದ ಎಲ್ಲರಿಗೂ ಇದನ್ನು ಉಚಿತವಾಗಿ ಕೊಡತೊಡಗಿದ್ದು 2000ದಲ್ಲಿ. 2003ರಲ್ಲಿ ವಿಶ್ವ ಆರೋಗ್ಯ ಸಭೆಯು 2010ರೊಳಗೆ ನೂರಕ್ಕೆ 75 ಮಂದಿ ವೃದ್ಧರಿಗೆ ಈ ಮದ್ದು ಮುಟ್ಟಬೇಕೆಂಬ ಗುರಿಯನ್ನು ಸದಸ್ಯರಾಷ್ಟ್ರಗಳ ಮುಂದಿಟ್ಟಿತು.

ದಾರಿ ನಿರಾತಂಕವಾಗಿತ್ತೆಂದು ಹೇಳಲಾಗದು. 1976ರಲ್ಲಿ ಅಮೆರಿಕದ ಸರ್ಕಾರ ಹಂದಿಜ್ವರದ ಭಯದಿಂದ ನಾಲ್ಕು ಕೋಟಿಗೂ ಮಿಕ್ಕ ಜನಕ್ಕೆ ಚುಚ್ಚುಮದ್ದು ಹಾಕಿಸಿತು. ಆ ಅಕ್ಟೋಬರಿನಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಅದನ್ನು ಹಾಕಿಸಿಕೊಂಡ ಮೂವರು ವೃದ್ಧರು ಸತ್ತಾಗ ದೇಶವೇ ತಲ್ಲಣಿಸಿತು. ಹಲವು ರಾಜ್ಯಗಳು ಕಾರ್ಯಕ್ರಮವನ್ನು ತಡೆಹಿಡಿದವು. ಆ ಮೂವರೂ ಹೃದ್ರೋಗಿಗಳು. ಸಾವಿಗೆ ಮದ್ದು ಕಾರಣವಲ್ಲವೆಂದು ತನಿಖೆಯಿಂದ ತಿಳಿಯಿತು. ಲಕ್ಷಾಂತರ ವೃದ್ಧರಿರುವಲ್ಲಿ ದಿನವೂ ಒಂದಿಷ್ಟು ಸಾವು ಸಹಜವೇ. ಆದರೆ ಕೈಕಾಲುಗಳ ಶಕ್ತಿ ಕುಂದಿಸುವ ನರಗಳ ಕಾಯಿಲೆಯೊಂದು ಆ ಮದ್ದಿನಿಂದ ಲಕ್ಷಕ್ಕೆ ಒಬ್ಬರಂತೆ ಹೆಚ್ಚಾದದ್ದು ನಿಜ. ಭಯಪಟ್ಟ ಪಿಡುಗೂ ಬರಲಿಲ್ಲ. ಡಿಸೆಂಬರಿನಲ್ಲಿ ಕಾರ್ಯಕ್ರಮ ನಿಂತಿತು. ಇಲ್ಲಿಯೂ ತೀರ್ಪು ಕೊಟ್ಟದ್ದು ಲೆಕ್ಕವೇ: ಇಲ್ಲದ ದೋಷವನ್ನು ಅಳಿಸಿತು, ಇದ್ದ ದೋಷವನ್ನು ಮುಚ್ಚಿಡಲಿಲ್ಲ.

ಜಪಾನಿನ ಕಥೆ ಇನ್ನೂ ವಿಚಿತ್ರ. ಅಲ್ಲಿ 1962ರಿಂದ ಶಾಲೆಯ ಮಕ್ಕಳಿಗೆ ಫ್ಲೂ ಚುಚ್ಚುಮದ್ದು ಹಾಕುವ ಏರ್ಪಾಡಾಯಿತು. 1977ರಲ್ಲಿ ಅದು ಕಡ್ಡಾಯವಾಯಿತು. ಪ್ರಯೋಜನವೇನೆಂದು ಪೋಷಕರು ಪ್ರಶ್ನಿಸಿ, ಮೊಕದ್ದಮೆಗಳಾಗಿ, 1994ರಲ್ಲಿ ಅದನ್ನು ಕೈಬಿಟ್ಟರು. ಅನಂತರ ಚಳಿಗಾಲಗಳಲ್ಲಿ ವೃದ್ಧರ ಸಾವು ಏರಿತು. ಮಕ್ಕಳಿಗೆ ಚುಚ್ಚುಮದ್ದು ಹಾಕುತ್ತಿದ್ದಾಗ ವರ್ಷಕ್ಕೆ 37,000ದಿಂದ 49,000 ಸಾವುಗಳು ತಪ್ಪುತ್ತಿದ್ದುವೆಂದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಆ ಅಂಕೆಗಳ ಬಗೆಗೆ ಪಂಡಿತರಲ್ಲಿ ವಾದವುಂಟು. ಆದರೂ ಮುಖ್ಯ ಸಂಗತಿಯನ್ನು ನಮ್ಮ ಕೂಡುಕುಟುಂಬದವರು ಸುಲಭವಾಗಿ ಗ್ರಹಿಸಬಲ್ಲರು. ಶಾಲೆಯಿಂದ ಬಂದ ಮೊಮ್ಮಗು ಮೊದಲು ಏರುವುದು ಅಜ್ಜಿಯ ತೊಡೆಯನ್ನು. ಮೊಮ್ಮಗುವಿನ ತೋಳಿಗೆ ಹಾಕಿದ ಚುಚ್ಚುಮದ್ದು ಅಜ್ಜಿಯನ್ನು ಕಾಯುತ್ತದೆ.

ಮುಪ್ಪಿನ ದೇಹದ ಒಂದು ವೈಚಿತ್ರ್ಯವನ್ನು ಇಲ್ಲಿ ಹೇಳಬೇಕು. 1918ರ ಪಿಡುಗನ್ನು ಶಿಶುಗಳಾಗಿ, ಬಾಲಕರಾಗಿ ಕಂಡು ಬದುಕಿದ್ದ 32 ಮಂದಿ ವೃದ್ಧರ ರಕ್ತವನ್ನು ಪರೀಕ್ಷಿಸಿದಾಗ, ತೊಂಬತ್ತು ವರ್ಷಗಳ ಮೇಲೂ ಆ ವೈರಸ್ಸಿನ ನೆನಪು ಪ್ರತಿಯೊಬ್ಬರಲ್ಲೂ ಉಳಿದಿತ್ತೆಂದು 2008ರಲ್ಲಿ ಪ್ರಕಟವಾಯಿತು. ಹಳೆಯದನ್ನು ಇಷ್ಟು ಚೆನ್ನಾಗಿ ನೆನೆಯುವ ದೇಹ ಹೊಸದನ್ನು ಕಲಿಯಲು ಮಾತ್ರ ತಡವರಿಸುತ್ತದೆ. ಬಾಲ್ಯದ ಪದ್ಯಗಳನ್ನು ತಪ್ಪಿಲ್ಲದೆ ಒಪ್ಪಿಸುವ ಅಜ್ಜ, ಬೆಳಿಗ್ಗೆ ಕನ್ನಡಕವಿಟ್ಟ ಜಾಗ ಮರೆಯುವುದಿಲ್ಲವೇ? ಹಾಗೆಯೇ ಇದು. ಆದ್ದರಿಂದಲೇ ಚುಚ್ಚುಮದ್ದಿನ ಗುಣ ತರುಣರಿಗಿಂತ ವೃದ್ಧರಲ್ಲಿ ಕಡಿಮೆ. 1994ರಲ್ಲಿ ಹಾಲೆಂಡಿನಲ್ಲಿ 60 ದಾಟಿದ 1,838 ಮಂದಿಯ ಮೇಲೆ ನಡೆದ ಪರೀಕ್ಷೆಯ ವರದಿ ಬಂದಾಗ ಅದು ಫ್ಲೂವನ್ನು ಸುಮಾರು ಅರ್ಧದಷ್ಟು ತಡೆದುದು ಕಂಡುಬಂತು. ವೃದ್ಧರಿಗಾಗಿ ಸಾಮಾನ್ಯ ಮದ್ದಿನ ನಾಲ್ಕರಷ್ಟು ಸತ್ವವುಳ್ಳ ಮದ್ದಿಗೆ ಅಮೆರಿಕದಲ್ಲಿ 2009ರಲ್ಲಿ ಅನುಮತಿ ದೊರೆಯಿತು.

ಅರ್ಧಂಬರ್ಧ ಗುಣಕ್ಕಾಗಿ ಸೂಜಿ ಚುಚ್ಚಿಸಿಕೊಳ್ಳಬೇಕೇ ಎಂದು ಕೇಳಬಹುದು. ಕೊಡೆ ಹಿಡಿದರೂ ಕಾಲು ನೆನೆಯುತ್ತದೆ. ಅಷ್ಟಕ್ಕೆ ಯಾರೂ ಕೊಡೆಯನ್ನು ಎಸೆಯುವುದಿಲ್ಲ. ಫ್ಲೂ ತಗುಲಿದ ಮೊದಲ ವಾರದಲ್ಲಿ ಹೃದಯಾಘಾತದ ಸಂಭವ ಸುಮಾರು ಆರು ಪಟ್ಟು ಹೆಚ್ಚುತ್ತದೆಂದು ಕೆನಡಾದ ಅಧ್ಯಯನವೊಂದು 2018ರಲ್ಲಿ ತೋರಿಸಿದೆ. ಪ್ರಾಣ ಉಳಿದರೂ, ಹತ್ತು ದಿನ ಹಾಸಿಗೆ ಹಿಡಿದ ವೃದ್ಧರಿಗೆ ಮತ್ತೆ ತಾವೇ ಎದ್ದು ಸ್ನಾನಕ್ಕೆ ಹೋಗುವುದು, ಮೆಟ್ಟಿಲಿಳಿದು ಹಾಲು ತರುವುದು, ದೇವಸ್ಥಾನದವರೆಗೆ ನಡೆಯುವುದು ಕಷ್ಟವಾಗುತ್ತದೆ. ಮುಪ್ಪಿನಲ್ಲಿ ಈ ಚಿಕ್ಕ ಚಿಕ್ಕ ಸ್ವಾತಂತ್ರ್ಯಗಳೇ ಬದುಕಿನ ಸುಖ. ಒಂದು ದಿನದ ತೋಳುನೋವಿಗೆ ಹೋಲಿಸಿದರೆ ಇವುಗಳ ಬೆಲೆ ದೊಡ್ಡದು.

ನಮ್ಮ ದೇಶದಲ್ಲಿ 2011ರ ಜನಗಣತಿಯಂತೆ 60 ದಾಟಿದವರು ಹತ್ತು ಕೋಟಿಗೂ ಹೆಚ್ಚು. ಮಕ್ಕಳಿಗೂ ಗರ್ಭಿಣಿಯರಿಗೂ ಉಚಿತವಾಗಿ ಚುಚ್ಚುಮದ್ದು ಹಾಕುವ ಸಾರ್ವತ್ರಿಕ ಕಾರ್ಯಕ್ರಮ 1985ರಿಂದ ಯಶಸ್ವಿಯಾಗಿ ನಡೆದಿದೆ. ವೃದ್ಧರ ಫ್ಲೂ ಮದ್ದಿಗೆ ಅದರಲ್ಲಿ ಸ್ಥಾನವಿಲ್ಲ. ಬೇಕಾದವರು ಸ್ವಂತ ಹಣದಿಂದ ಹಾಕಿಸಿಕೊಳ್ಳಬೇಕು. ಪಿಂಚಣಿಯಲ್ಲಿ ರಕ್ತದೊತ್ತಡದ ಮಾತ್ರೆಗೂ ಮೊಮ್ಮಗಳ ಹುಟ್ಟುಹಬ್ಬಕ್ಕೂ ಹಣ ಎತ್ತಿಡುವ ಹಿರಿಯರು ತಮ್ಮ ಹೆಸರಿನ ಮುಂದೆ ಈ ಬಾಬತ್ತನ್ನು ಬರೆಯುವುದು ಅಪರೂಪ. ಮಕ್ಕಳಿಗೆ ಅದು ತೋಚುವುದು ಇನ್ನೂ ಅಪರೂಪ. ನಮ್ಮಲ್ಲಿ ಬಹುಮಟ್ಟಿಗೆ ಫ್ಲೂ ಏರುವುದು ಮಳೆಗಾಲದಲ್ಲಿ, ಮತ್ತೊಮ್ಮೆ ಚಳಿಗಾಲದ ಕೊನೆಗೆ. ಮದ್ದು ಮೈಗೆ ಹತ್ತಲು ಎರಡು ವಾರ ಬೇಕು. ಆದ್ದರಿಂದ ಮಳೆ ಹಿಡಿಯುವ ಮುನ್ನ ವೈದ್ಯರನ್ನು ಕೇಳಿ ನಿಶ್ಚಯಿಸುವುದು ಒಳ್ಳೆಯದು.

ಇಂಡಿಯಾದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ 27 ಸಾವಿರ ಸಾವುಗಳಿಗೆ ಇನ್‌ಫ್ಲುಯೆಂಜಾದ ಸಂಬಂಧವಿರಬಹುದೆಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿದೆ. ಸಾವಿನ ಪ್ರಮಾಣ ಹೆಚ್ಚಾಗಿ ಕಂಡದ್ದು ಐದು ತುಂಬದ ಮಕ್ಕಳಲ್ಲಿ ಮತ್ತು 65 ದಾಟಿದವರಲ್ಲಿ. ಮಾಮೂಲನ್ನು ಕಳೆದು ಉಳಿದುದನ್ನು ನೋಡುವ ಫಾರ್‌ನ ಉಪಾಯವೇ ಸುಧಾರಿತ ರೂಪದಲ್ಲಿ ಅಲ್ಲಿ ಕೆಲಸಮಾಡಿದೆ. ಹಾಗೆ ಮಾಡದೆ ಗತಿಯಿಲ್ಲ. ಏಕೆಂದರೆ ಅದೇ 2020ರಲ್ಲಿ ನಮ್ಮಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದವು ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ.

ಹಿರಿಯರಿಗೆ ನಮಸ್ಕರಿಸುವುದರಲ್ಲಿ ನಾವು ಯಾರಿಗೂ ಕಡಿಮೆಯಲ್ಲ. ಆದರೆ ನಮಸ್ಕಾರ ಬೇರೆ, ಲೆಕ್ಕಕ್ಕೆ ತೆಗೆದುಕೊಳ್ಳುವುದು ಬೇರೆ. ಯಾವ ಸಮಾಜ ತನ್ನ ಮುದುಕರ ಸಾವಿಗೆ ಸರಿಯಾದ ಹೆಸರು ಬರೆಯಿತೋ ಅದು ಅವರ ಬದುಕಿಗೆ ಮದ್ದನ್ನೂ ಒದಗಿಸಿತು. ನೂರೆಪ್ಪತ್ತು ವರ್ಷಗಳ ಈ ಇತಿಹಾಸದ ಸಾರ ಇಷ್ಟೆ. ವಯಸ್ಸು ಎಲ್ಲರಿಗೂ ಆಗುತ್ತದೆ. ಅದೊಂದು ರೋಗದ ಹೆಸರಲ್ಲ.