ಪೆಲಾಗ್ರ

ಪೆಲಾಗ್ರ ಎಂಬುದು ಬಿ3 ಜೀವಸತ್ವವೆಂದು ಕರೆಯಲಾಗುವ ನಯಾಸಿನ್, ಅಥವಾ ಅದನ್ನು ದೇಹದಲ್ಲಿ ತಯಾರಿಸಲು ಬೇಕಾದ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲ, ಆಹಾರದಲ್ಲಿ ಸಾಲದೆ ಹೋದಾಗ ಬರುವ ನ್ಯೂನಪೋಷಣೆಯ ರೋಗ. ಬಿಸಿಲು ತಾಕುವ ಚರ್ಮ ಕಪ್ಪಾಗಿ ಒರಟಾಗುವುದು ಇದರ ಮುಖ್ಯ ಗುರುತು. ಹೆಸರೂ ಅದನ್ನೇ ಹೇಳುತ್ತದೆ: ಇಟಲಿಯ ಆಡುಮಾತಿನಲ್ಲಿ ‘ಪೆಲ್ಲೆ’ ಎಂದರೆ ಚರ್ಮ, ‘ಆಗ್ರ’ ಎಂದರೆ ಒರಟು. ಸುಮಾರು ಇನ್ನೂರು ವರ್ಷಗಳ ಕಾಲ ಇದನ್ನು ಸೋಂಕು, ವಂಶದೋಷ, ಕೆಟ್ಟ ಧಾನ್ಯದ ವಿಷ ಎಂದೆಲ್ಲ ಭಾವಿಸಲಾಗಿತ್ತು.

ಲಕ್ಷಣಗಳು

ಆರಂಭದಲ್ಲಿ ಚರ್ಮವು ಬಿಸಿಲಿಗೆ ಸುಟ್ಟಂತೆ ಕೆಂಪಾಗಿ ಉರಿಯುತ್ತದೆ. ಕೆಲವು ವಾರಗಳಲ್ಲಿ ಅದೇ ಜಾಗ ಕಪ್ಪಾಗಿ, ದಪ್ಪವಾಗಿ, ಬಿರುಕು ಬಿಟ್ಟು ಹೊಟ್ಟೆದ್ದು ಉದುರುತ್ತದೆ. ಮುಂಗೈ, ಅಂಗೈಯ ಹಿಂಭಾಗ, ಪಾದದ ಮೇಲ್ಭಾಗ, ಮುಖ ಮತ್ತು ಕುತ್ತಿಗೆಯಲ್ಲಿ ಇದು ಕಾಣಿಸುತ್ತದೆ. ಎಡಬಲಗಳಲ್ಲಿ ಒಂದೇ ಸಮನಾಗಿರುವುದು ಮತ್ತು ಬಟ್ಟೆ ಮುಚ್ಚಿದ ಕಡೆ ಗೆರೆ ಎಳೆದಂತೆ ನಿಂತುಬಿಡುವುದು ಇದರ ವಿಶೇಷ. ಕುತ್ತಿಗೆಯ ಸುತ್ತ ಹಾರದಂತೆ ಕಾಣುವ ಪಟ್ಟಿಗೆ ‘ಕಸಾಲ್‌ನ ಕಂಠಹಾರ’ ಎಂಬ ಹೆಸರಿದೆ. ಕಪ್ಪು ಮೈಬಣ್ಣದವರಲ್ಲಿ ಮೊದಲ ಹಂತದ ಕೆಂಪು ಸ್ಪಷ್ಟವಾಗಿ ತೋರದಿರುವುದರಿಂದ, ಹೊಲದಲ್ಲಿ ದುಡಿಯುವವರ ಬಿಸಿಲುಗಪ್ಪೆಂದು ಇದನ್ನು ಕಡೆಗಣಿಸುವ ಸಾಧ್ಯತೆಯಿದೆ.

ಚರ್ಮದ ಜೊತೆಗೆ ನಾಲಿಗೆ ಕೆಂಪಾಗಿ ಊದಿಕೊಳ್ಳುತ್ತದೆ, ಭೇದಿಯಾಗುತ್ತದೆ, ನಿದ್ರಾಹೀನತೆ ಮತ್ತು ಖಿನ್ನತೆಯಿಂದ ತೊಡಗಿ ಬುದ್ಧಿಭ್ರಮಣೆಯವರೆಗೆ ಮನಸ್ಸು ಕೆಡುತ್ತದೆ. ಚಿಕಿತ್ಸೆ ಸಿಗದಿದ್ದರೆ ಸಾವು ಬರಬಹುದು.

ಕಾರಣ

ನಯಾಸಿನ್‌ನಿಂದ ದೇಹವು ಎನ್‌ಎಡಿ ಎಂಬ ಸಹಕಿಣ್ವವನ್ನು ತಯಾರಿಸಿಕೊಳ್ಳುತ್ತದೆ. ಆಹಾರವನ್ನು ಶಕ್ತಿಯಾಗಿ ಮಾರ್ಪಡಿಸಲು ಇದು ಪ್ರತಿ ಜೀವಕೋಶಕ್ಕೂ ಬೇಕು. ಬಿಸಿಲಿನಿಂದಾದ ಹಾನಿಯನ್ನು ಸರಿಪಡಿಸಿಕೊಳ್ಳಲೂ ಚರ್ಮ ಇದನ್ನೇ ಬಳಸುತ್ತದೆ. ಬೇಗ ಬೇಗ ಹೊಸದಾಗುವ ಚರ್ಮ ಮತ್ತು ಕರುಳಿನ ಒಳಪದರ, ಹೆಚ್ಚು ಶಕ್ತಿ ಬೇಡುವ ಮಿದುಳು ಮೊದಲು ಸೊರಗುವುದು ಇದರಿಂದಲೇ. ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫ್ಯಾನ್‌ನಿಂದ 1 ಮಿಲಿಗ್ರಾಂ ನಯಾಸಿನ್ ದೊರೆಯುತ್ತದೆ. ಆದುದರಿಂದ ಹಾಲು, ಮೊಟ್ಟೆಗಳಲ್ಲಿ ನಯಾಸಿನ್ ಕಡಿಮೆಯಿದ್ದರೂ ಅವು ಈ ರೋಗವನ್ನು ತಡೆಯುತ್ತವೆ.

ಮೆಕ್ಕೆಜೋಳದಲ್ಲಿ ಟ್ರಿಪ್ಟೊಫ್ಯಾನ್ ಕಡಿಮೆ, ಇರುವ ನಯಾಸಿನ್ ಕೂಡ ಜೀರ್ಣವಾಗದ ರೂಪದಲ್ಲಿ ಬಂಧಿತವಾಗಿದೆ. ಮೆಕ್ಕೆಜೋಳದ ತವರಾದ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಜನರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು ರುಬ್ಬುತ್ತಿದ್ದರು. ಸುಣ್ಣವು ನಯಾಸಿನ್‌ನ್ನು ಬಿಡಿಸಿಕೊಡುತ್ತದೆ. ಯುರೋಪಿನವರು ಬೀಜವನ್ನು ಒಯ್ದರು, ಅಡುಗೆಯ ಕ್ರಮವನ್ನು ಒಯ್ಯಲಿಲ್ಲ.

ಇತಿಹಾಸ

ಸ್ಪೇನಿನ ಅಸ್ಟೂರಿಯಾಸ್ ಪ್ರಾಂತದ ವೈದ್ಯ ಗಾಸ್ಪರ್ ಕಸಾಲ್ 1735ರಲ್ಲಿ ಬಡ ರೈತರಲ್ಲಿ ಈ ರೋಗವನ್ನು ಗುರುತಿಸಿದನು. 1771ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ಫ್ರಪೊಲ್ಲಿ ‘ಪೆಲಾಗ್ರ’ ಎಂಬ ಹೆಸರನ್ನು ಬಳಕೆಗೆ ತಂದನು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ರೋಗವು ವ್ಯಾಪಕವಾಗಿ ಹರಡಿತು. 1914ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯು ಜೋಸೆಫ್ ಗೋಲ್ಡ್‌ಬರ್ಗರ್‌ಗೆ ತನಿಖೆಯನ್ನು ವಹಿಸಿತು. ಮಾನಸಿಕ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಮಾತ್ರ ಪೆಲಾಗ್ರ ಬರುತ್ತಿತ್ತು, ಅವರೊಡನೆಯೇ ಇರುವ ದಾದಿಯರಿಗೆ ಬರುತ್ತಿರಲಿಲ್ಲ. ಸೋಂಕಾಗಿದ್ದರೆ ಹೀಗಾಗದು ಎಂದು ಅವರು ತರ್ಕಿಸಿದರು. ಮಿಸಿಸಿಪಿಯ ಜಾಕ್ಸನ್ ನಗರದ ಎರಡು ಅನಾಥಾಲಯಗಳಲ್ಲಿ ಹಾಲು, ಮೊಟ್ಟೆ, ಮಾಂಸ, ಕಾಳುಗಳನ್ನು ಕೊಡಿಸಿದಾಗ ರೋಗ ಹೆಚ್ಚುಕಡಿಮೆ ಮಾಯವಾಯಿತು. 1915ರಲ್ಲಿ ಅದೇ ರಾಜ್ಯದ ರ‍್ಯಾಂಕಿನ್ ಸೆರೆಮನೆಯ ಕೈದಿಗಳು, ಬಿಡುಗಡೆಯ ಭರವಸೆಯ ಮೇಲೆ, ಮೆಕ್ಕೆಜೋಳ, ಅಕ್ಕಿ, ಸಕ್ಕರೆ, ಗೆಣಸುಗಳೇ ಪ್ರಧಾನವಾದ ಊಟವನ್ನು ಒಪ್ಪಿಕೊಂಡರು. ಕೊನೆಯವರೆಗೆ ಉಳಿದ 11 ಮಂದಿಯಲ್ಲಿ 6 ಮಂದಿಗೆ ಪೆಲಾಗ್ರ ಬಂತು. ಇಂದಿನ ವೈದ್ಯಕೀಯ ನೀತಿಯ ದೃಷ್ಟಿಯಿಂದ ಇಂಥ ಒಪ್ಪಂದ ಆಕ್ಷೇಪಾರ್ಹವೇ. ಮರುವರ್ಷ ಗೋಲ್ಡ್‌ಬರ್ಗರ್, ಅವರ ಪತ್ನಿ ಮೇರಿ ಮತ್ತು ಸಹೋದ್ಯೋಗಿಗಳು ರೋಗಿಗಳ ರಕ್ತವನ್ನು ಚುಚ್ಚಿಸಿಕೊಂಡರು. ರೋಗಿಗಳ ಮಲ ಮತ್ತು ಚರ್ಮದ ಹೊಟ್ಟನ್ನು ನುಂಗಿದವರೂ ಇದ್ದರು. ಯಾರಿಗೂ ರೋಗ ತಗುಲಲಿಲ್ಲ.

ಆದರೂ ವಿರೋಧ ನಿಲ್ಲಲಿಲ್ಲ. ರೋಗದ ಬೇರು ಗೇಣಿಪದ್ಧತಿಯಲ್ಲಿತ್ತು: ಮನೆಯ ಬಾಗಿಲವರೆಗೂ ಹತ್ತಿ ಬೆಳೆಯುತ್ತಿದ್ದ ಕುಟುಂಬಗಳಿಗೆ ಹಸು ಸಾಕಲು, ತರಕಾರಿ ಬೆಳೆಯಲು ಜಾಗವಿರಲಿಲ್ಲ. ತಮ್ಮ ನಾಡಿನ ಬಡತನವನ್ನು ಹೊರಗಿನವರು ಎತ್ತಿ ತೋರಿಸುವುದು ಅಲ್ಲಿನ ಮುಖಂಡರಿಗೆ ಅವಮಾನವೆನಿಸಿತು. ಗೋಲ್ಡ್‌ಬರ್ಗರ್ 1929ರಲ್ಲಿ ನಿಧನರಾದರು. ಕೊರತೆಯಾಗಿದ್ದ ವಸ್ತು ನಿಕೊಟಿನಿಕ್ ಆಮ್ಲ, ಎಂದರೆ ನಯಾಸಿನ್, ಎಂಬುದನ್ನು 1937ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾನ್ರಾಡ್ ಎಲ್ವೆಯೆಮ್ ಕಂಡುಕೊಂಡರು.

ಜೋಳ ಮತ್ತು ದಖ್ಖನ್

ಭಾರತದಲ್ಲಿ ಪೆಲಾಗ್ರ ಕಂಡುಬಂದುದು ಮುಖ್ಯವಾಗಿ ದಖ್ಖನ್ ಪ್ರಸ್ಥಭೂಮಿಯ ಜೋಳ ಉಣ್ಣುವ ಬಡವರಲ್ಲಿ. ಇಲ್ಲಿ ಜೋಳವೆಂದರೆ ರೊಟ್ಟಿಯ ಬಿಳಿಜೋಳ. ಗೋವಿನಜೋಳವೆಂದೂ ಕರೆಯುವ ಮೆಕ್ಕೆಜೋಳ ಬೇರೆ ಧಾನ್ಯ. ಜೋಳದಲ್ಲಿ ನಯಾಸಿನ್ ಆಗಲಿ ಟ್ರಿಪ್ಟೊಫ್ಯಾನ್ ಆಗಲಿ ಅಷ್ಟು ಕಡಿಮೆಯಿಲ್ಲ. ಹಾಗಿದ್ದೂ ರೋಗವೇಕೆ ಎಂಬ ಪ್ರಶ್ನೆಗೆ ಹೈದರಾಬಾದಿನ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಒಂದು ಉತ್ತರವನ್ನು ಮುಂದಿಟ್ಟರು: ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲವು ನಯಾಸಿನ್ ತಯಾರಿಕೆಗೆ ಅಡ್ಡಿಯಾಗುತ್ತದೆ. ನಂತರದ ಎಲ್ಲ ಪ್ರಯೋಗಗಳೂ ಇದನ್ನು ಸಮರ್ಥಿಸಿಲ್ಲ. ಇದರಿಂದ ಜೋಳವನ್ನೇ ದೂಷಿಸುವುದು ಸರಿಯಲ್ಲ. ಉತ್ತರ ಕರ್ನಾಟಕದ ರೊಟ್ಟಿಯೂಟದಲ್ಲಿ ಬೇಳೆ, ಕಾಳುಪಲ್ಯ, ಮೊಸರು, ಶೇಂಗಾ ಹಿಂಡಿ ಜೊತೆಗಿರುತ್ತವೆ, ಮತ್ತು ಶೇಂಗಾ ನಯಾಸಿನ್‌ನ ಉತ್ತಮ ಮೂಲ. ಜೊತೆಯ ಪದಾರ್ಥಗಳಿಗೆ ಗತಿಯಿಲ್ಲದೆ ಬರಿಯ ರೊಟ್ಟಿಯಲ್ಲಿ ದಿನ ಕಳೆಯಬೇಕಾದಾಗ ರೋಗದ ಅಪಾಯ ಹೆಚ್ಚುತ್ತದೆ.

ಇಂದಿನ ಸ್ಥಿತಿ

ಈಗ ಪೆಲಾಗ್ರ ವಿರಳ. ಆದರೆ 1990ರ ಸುಮಾರಿಗೆ ಮಲಾವಿಯಲ್ಲಿದ್ದ ಮೊಜಾಂಬಿಕ್ ನಿರಾಶ್ರಿತರಿಗೆ ಶೇಂಗಾ ಪೂರೈಕೆ ತಪ್ಪಿದಾಗ ಸಾವಿರಾರು ಜನ ಈ ರೋಗಕ್ಕೆ ತುತ್ತಾದರು. ಊಟ ಬಿಟ್ಟು ಕುಡಿಯುವ ಮದ್ಯವ್ಯಸನಿಗಳಲ್ಲಿ, ಕ್ಷಯರೋಗಕ್ಕೆ ಐಸೊನಿಯಾಜಿಡ್ ಸೇವಿಸುವ ಕೆಲವರಲ್ಲಿ, ಹಾರ್ಟ್‌ನಪ್ ಎಂಬ ಆನುವಂಶಿಕ ರೋಗವಿರುವವರಲ್ಲಿ ಇದು ಕಾಣಿಸುವುದುಂಟು. ಬೊಜ್ಜು ಇಳಿಸಲು ಜಠರ ಮತ್ತು ಕರುಳಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿಯೂ ಅಪರೂಪವಾಗಿ ಬಂದಿದೆ.

ಚಿಕಿತ್ಸೆ

ವೈದ್ಯರು ಸಾಮಾನ್ಯವಾಗಿ ದಿನಕ್ಕೆ 300 ಮಿಲಿಗ್ರಾಂ ನಿಕೊಟಿನಮೈಡನ್ನು ಭಾಗಗಳಾಗಿ ಮೂರು ನಾಲ್ಕು ವಾರ ಕೊಡುತ್ತಾರೆ. ನಿಕೊಟಿನಿಕ್ ಆಮ್ಲದಂತೆ ಇದರಿಂದ ಮುಖ ಕೆಂಪೇರಿ ಉರಿಯುವುದಿಲ್ಲ. ಇತರ ಬಿ ಜೀವಸತ್ವಗಳನ್ನೂ ಪ್ರೋಟೀನುಯುಕ್ತ ಆಹಾರವನ್ನೂ ಜೊತೆಗೆ ಸೂಚಿಸಲಾಗುತ್ತದೆ. ನಾಲಿಗೆಯ ಉರಿ ಮತ್ತು ಭೇದಿ ಕೆಲವೇ ದಿನಗಳಲ್ಲಿ ತಗ್ಗುತ್ತವೆ. ಚರ್ಮ ಸರಿಹೋಗಲು ವಾರಗಳು ಹಿಡಿಯುತ್ತವೆ, ಅಲ್ಲಿಯವರೆಗೆ ಬಿಸಿಲಿನಿಂದ ಅದನ್ನು ಕಾಪಾಡಬೇಕು.